ಎಳೆ ಸಿಗದ ದಿನ

ಬುಧವಾರ ಬೆಳಗ್ಗೆ ಏಳೂಕಾಲಿಗೆ
ಹನ್ನೊಂದನೇ ಬೇಸಿನ್ನಿನ ಮುಂದೆ ಬೇರೆ ಯಾರೋ ಕೂತಿದ್ದಳು.
ಹೊಸ ಹುಡುಗಿ. ಬಿಸಿನೀರಿಗೆ ಬೆರಳಿಟ್ಟು, ಚಕ್ಕನೆ ಎಳೆದು,
ಉಫ್ ಉಫ್ ಎಂದು ಊದುತ್ತಿದ್ದಳು.

ಗುರ್ರಮ್ಮ ಎಲ್ಲಿ ಅಂದೆ.
ಮೇಸ್ತ್ರಿ ಪುಸ್ತಕದಿಂದ ತಲೆಯೆತ್ತಲಿಲ್ಲ.
'ಅವಳ ಲೆಕ್ಕ ಚುಕ್ತಾ.'

ಹದಿನಾರು ವರ್ಷ.
ಒಂದು ಗೂಡಿನೊಳಗೆ ಸಾವಿರ ಗಜ ನೂಲಂತೆ,
ರೇಷ್ಮೆ ಇಲಾಖೆಯವರೊಬ್ಬರು ಹೇಳಿದ್ದರು.
ಹಾಗಾದರೆ ಗುರ್ರಮ್ಮ ಬಿಚ್ಚಿದ ನೂಲು
ಶಿಡ್ಲಘಟ್ಟ ಬಿಟ್ಟು ಎಲ್ಲಿಯವರೆಗೆ ಹೋಗಿರಬೇಕು!
ಅವಳು ಮಾತ್ರ ದಿಬ್ಬೂರಹಳ್ಳಿಯಿಂದಾಚೆ ಹೋದವಳಲ್ಲ.

ಟಿಫಿನ್ ಡಬ್ಬಿಯಲ್ಲಿ ಒಂದು ಹಿಡಿ ನೂಲು ಸಿಕ್ಕಿತಂತೆ.
ಆ ಡಬ್ಬಿಯ ಮುಚ್ಚಳ ಕಳೆದು ಎರಡು ವರ್ಷ.
ಮುದ್ದೆ, ಮೇಲೊಂದು ಮುತ್ತುಗದೆಲೆ, ಅಷ್ಟೇ ಅದರ ಗುಟ್ಟು.
ಮುಚ್ಚಳವಿಲ್ಲದ ಡಬ್ಬಿಯಲ್ಲಿ ಯಾರಾದರೂ
ಕದ್ದ ಮಾಲು ಇಡುತ್ತಾರಾ?

ನಿಜ ಎಲ್ಲರಿಗೂ ಗೊತ್ತು.
ಶನಿವಾರ ಬಟವಾಡೆಯಲ್ಲಿ
ಕರೆಂಟು ಹೋದ ಗಂಟೆಗಳ ಕೂಲಿ ಮುರಿದಾಗ
'ಫ್ಯೂಸು ಕಿತ್ತಿದ್ದು ನಾವಾ?' ಅಂದಳು.
ಅಲ್ಲಿಗೇ ಬಿಟ್ಟಿದ್ದರೆ ಸಾವ್ಕಾರರು ನಕ್ಕು ಸುಮ್ಮನಾಗುತ್ತಿದ್ದರೇನೋ.
ನನ್ನ ಕೈ ಹಿಡಿದೆತ್ತಿ ಅವರ ಮೂಗಿನ ಮುಂದೆ ತಂದಳು:
'ನೋಡಿ, ಇದು ಕೈಯಾ, ಬೇಯಿಸಿದ ಗೂಡಾ?
ಮುಲಾಮಿನ ದುಡ್ಡೂ ಇವಳ ಕೂಲೀಲೇ ಮುರೀತೀರಾ?'

ನಾನು ಕೈ ಎಳೆದುಕೊಂಡೆ.
ಇದನ್ನೇ ಮೊದಲು ಹೇಳಬೇಕಿತ್ತು.
ಕೈ ನನ್ನದು, ಮಾತು ಅವಳದು,
ಹೋಗಿದ್ದು ಅವಳ ಕೆಲಸ.

ಗೂಡು ಕುದಿಯಿತು. ಹುಳದ ವಾಸನೆ ಎದ್ದಿತು.
ಎಳೆಯ ತುದಿ ಹುಡುಕುವುದು ಕಣ್ಣಿನ ಕೆಲಸವಲ್ಲ,
ಸುಲಿದ ಬೆರಳಿಗಷ್ಟೇ ಗೊತ್ತಿರುವ ವಿದ್ಯೆ.
ನಾನು ಬೆರಳಾಡಿಸಿದೆ.
ಆಡಿಸುತ್ತಲೇ ಇದ್ದೆ.
'ಎಳೆ ಸಿಗ್ತಾ ಇಲ್ಲ ಮೇಸ್ತ್ರಿ.'

ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.
ಪಕ್ಕದ ಷಮೀಮುನ್ನಿಸಾ, ತಲೆ ತಗ್ಗಿಸಿಯೇ, 'ನಂದೂ ಸಿಗ್ತಿಲ್ಲ.'
ಬಾಗಿಲ ಹತ್ತಿರದ ನರಸಕ್ಕ, 'ಈ ಲಾಟೇ ಸರಿ ಇಲ್ಲ ಬಿಡಪ್ಪ.'
ಹಿಂದಿನ ಸಾಲು. ಅದರ ಹಿಂದಿನದು.
ರಾಟೆಗಳು ಒಂದೊಂದಾಗಿ ನಿಂತವು.
ಹೊರಗೆ ಸೊಪ್ಪಿನ ಆಟೋ ಹೋದದ್ದು
ಷೆಡ್ಡಿನೊಳಗೆ ಮೊದಲ ಸಲ ಕೇಳಿಸಿತು.

ಸಾವ್ಕಾರರು ಬಂದರು. ಗೂಡು ಮೂಸಿದರು.
ಹರಾಜು ಕೂಗಿದವನಿಗೆ ಬೈದರು.
ಅವರೇ ಆರಿಸಿ ತಂದ ಗೂಡು, ಬೆಳ್ಳಗೆ, ಗಟ್ಟಿ.
ಆಮೇಲೆ ನಮ್ಮ ಮುಖಗಳನ್ನು ನೋಡಿದರು,
ಅದರಲ್ಲೂ ಅವರಿಗೆ ತುದಿ ಸಿಗಲಿಲ್ಲ.

ಸಿಕ್ಕಿದ್ದು ಆ ಹೊಸ ಹುಡುಗಿಗೆ.
ಜೀವಮಾನದ ಮೊದಲ ಎಳೆ,
ಉಗುರಿಗೆ ಸುತ್ತಿಕೊಂಡು ಮಿನುಗುತ್ತಿತ್ತು.
ಹನ್ನೊಂದನೇ ಬೇಸಿನ್ನಿನಿಂದ ನಮ್ಮನ್ನೆಲ್ಲ ನೋಡಿದಳು.
ಮೆಲ್ಲಗೆ ನೀರಿಗೆ ಬಿಟ್ಟಳು.

ಇವತ್ತಿಗೆ ಆರನೇ ದಿನ.
ಬುಧವಾರದ ಕೂಲಿ ಯಾರಿಗೂ ಬರೆದಿಲ್ಲ.
ಗುರ್ರಮ್ಮನಿಗೆ ಹೇಳಿ ಕಳಿಸಿದ್ದಾರಂತೆ, ಇಲ್ಲವಂತೆ.
ಸಂತೆಯಲ್ಲಿ ಒಂದು ಸ್ಟೀಲು ಮುಚ್ಚಳ ಕೊಂಡಿಟ್ಟಿದ್ದೇನೆ,
ಅಳತೆ ಅಂದಾಜಿನದು.