ಕಂಬಿ ಹಿಡಿಯದವಳು

ಇನ್ನಾಸಪ್ಪ ಮೇಷ್ಟ್ರು ಆ ತಿಂಗಳಿಡೀ
ಪಿಟೀಲು ಮುಟ್ಟಗೊಡಲಿಲ್ಲ.
ಬೆಂಕಿಪೊಟ್ಟಣಕ್ಕೆ ಅರ್ಧ ಚಮಚ ರಾಗಿ ಸುರಿದು
ಎಡಗೈಗೆ ಕೊಟ್ಟು, "ಕುಲುಕಮ್ಮ" ಅಂದರು,
"ಮಣಿಕಟ್ಟಿಂದ. ಮೊಣಕೈ ಸುಮ್ನಿರಲಿ.
ಏಟಿಗೆ ಎರಡು, ಆಮೇಲೆ ಮೂರು."

ಲಷ್ಕರ್ ಮೊಹಲ್ಲಾದ ಒಂದೂವರೆ ಕೋಣೆ.
ಗೋಡೆಯಲ್ಲಿ ಬ್ಯಾಂಡಿನ ಹಳೇ ಕೆಂಪು ಕೋಟು,
ಅದರ ಕೆಳಗೆ ನಾನು, ಖಾಕಿಯಲ್ಲೇ,
ಬೆಳಗಿನ ಬನ್ನೂರು ಟ್ರಿಪ್ಪು ಮುಗಿಸಿ ಬಂದವಳು,
ಜಕ್ಕು ಜಕ್ಕು ಜಕ್ಕು.

ಡಿಪೋದಲ್ಲಿ ನಗುತ್ತಾರೆ:
"ಏನ್ ಚಿಕ್ಕತಾಯಮ್ಮ, ಪಿಟೀಲು ಕುಯ್ತಿದ್ದೀಯಂತೆ?"
ಕುಯ್ಯುವುದು ಬಲಗೈ ಕೆಲಸ, ಅದು ಬಂದಿತ್ತು.
ಬಾರದ್ದು ಎಡಗೈದು.
ಬೆರಳು ನಡುಗಿಸಲು ಹೋದರೆ
ಭುಜ ನಡುಗುತ್ತೆ, ದವಡೆ ನಡುಗುತ್ತೆ,
ಸ್ವರ ಮಾತ್ರ ಸರ್ಕಾರಿ ಕಚೇರಿ,
ಕದಲೋದಿಲ್ಲ.

"ನಮ್ಮ ಗಮಕ ಪಕ್ಕದ್ಮನೆಗೆ ಹೋಗಿ
ಮಾತಾಡಿಸ್ಕೊಂಡು ಬರುತ್ತೆ.
ಇದು ಹೊಸಿಲು ದಾಟಲ್ಲ.
ಒಂಚೂರು ಕೆಳಗಿಳಿ, ಮತ್ತೆ ಅಲ್ಲಿಗೇ ಬಾ."

ಪಿಟೀಲಿನ ತಲೆ ಗೋಡೆಗೊರಗಿಸಿ
ನಡುವೆ ಮಡಿಸಿದ ಟವಲಿಟ್ಟು
ಎಂಟು ವಾರ ಬೆರಳು ಉರುಳಿಸಿದೆ.
ಸುಣ್ಣ ಟವಲಿಗೆ ಬಂತು.
ಅಷ್ಟೇ ಬಂದದ್ದು.

ಒಂದು ದಿನ ನನ್ನ ಹೆಬ್ಬೆರಳು ನೋಡಿದರು.
ಕುತ್ತಿಗೆ ಹಿಸುಕಿ ಹಿಸುಕಿ ಉಗುರು ಬೆಳ್ಳಗಾಗಿತ್ತು.
"ಬಸ್ಸಲ್ಲಿ ಕಂಬಿ ಹಿಡೀತೀಯಾ?"
"ಇಲ್ಲ. ಒಂದು ಕೈಲಿ ಮಿಷನ್ನು, ಒಂದ್ರಲ್ಲಿ ಚಿಲ್ಲರೆ."
"ಬೀಳಲ್ವಾ?"

ಬೀಳಲ್ಲ.
ಯಾಕೆ ಬೀಳಲ್ಲ ಅಂತ
ಹತ್ತೊಂಬತ್ತು ವರ್ಷದಲ್ಲಿ ಯೋಚಿಸಿರಲಿಲ್ಲ.

ಮರುದಿನ ಮೇಗಳಾಪುರ ದಾಟಿ ರಸ್ತೆ ಕಿತ್ತುಹೋದಲ್ಲಿ
ನನ್ನ ಕಾಲನ್ನು ನಾನೇ ನೋಡಿದೆ:
ಪಾದ ಇದ್ದಲ್ಲೇ ಇದೆ,
ಮಂಡಿ ಬಿಟ್ಟುಕೊಟ್ಟಿದೆ,
ಬಸ್ಸು ನನ್ನೊಳಗೆ ಹಾದು ಹೋಗುತ್ತಿದೆ.
ಎಲೆಅಡಿಕೆ ಬಾಯಿಯ ಮುದುಕಪ್ಪ
"ಐದ್ರುಪಾಯಿ ಬರಬೇಕು ಕಣವ್ವಾ" ಅಂತ
ಮೂರನೇ ಸಲ ಕೂಗಿದ ಮೇಲೆ ಕೇಳಿಸಿತು.

ಸಂಜೆ ಹೆಬ್ಬೆರಳು ಸಡಿಲಬಿಟ್ಟೆ.
ಬೆರಳ ತುದಿ ಪಾದ, ಗೆಣ್ಣು ಮಂಡಿ.
ಎರಡನೇ ತಂತಿಯ ಮೇಲೆ, ಒಂದೇ ಒಂದು ಕಮಾನಿನಷ್ಟು,
ಸ್ವರ ಉಸಿರಾಡಿತು.
ಮತ್ತೆ ಹಿಡಿಯಲು ಹೋದೆ, ಹೋಯಿತು.

ಮೇಷ್ಟ್ರು ಭೇಷ್ ಅನ್ನಲಿಲ್ಲ.
ಸ್ಟವ್ವಿಗೆ ಪಂಪು ಹೊಡೆಯುತ್ತಲೇ ಅಂದರು:
"ಬರುತ್ತೆ. ಬಂದ್ಮೇಲೆ ನಿಲ್ಸೋದು ಕಲಿಸ್ತೀನಿ,
ಅದಿನ್ನೂ ಕಷ್ಟ."

ಬೆಂಕಿಪೊಟ್ಟಣ ಅವರೂ ಕೇಳಲಿಲ್ಲ, ನಾನೂ ಕೊಡಲಿಲ್ಲ.
ಚಿಲ್ಲರೆ ಬ್ಯಾಗಿನಲ್ಲಿದೆ.
ಉಬ್ಬು ಬಂದಾಗ ಎರಡೂ ಕುಲುಕುತ್ತವೆ.
ಯಾವುದು ರಾಗಿ, ಯಾವುದು ರೊಕ್ಕ,
ಕಣ್ಣು ಮುಚ್ಚಿಯೂ ಹೇಳಬಲ್ಲೆ.