ಒತ್ತಕ್ಷರ

ವಾರವೆಲ್ಲ ಟೊಮೆಟೊ ಮಂಡಿಯಲ್ಲಿ ಚೀಟಿ ಬರೆಯುವ ಕೈ
ಭಾನುವಾರ ಚರ್ಚಿನ ಹಿಂದಿನ ಕೋಣೆಯಲ್ಲಿ
ಒಂದು ಬೀರುವಿನ ಬೀಗ ತೆಗೆಯುತ್ತದೆ.
ಇನ್ನೂರ ಹನ್ನೊಂದು ಪುಸ್ತಕ. ಹದಿಮೂರು ಗೆದ್ದಲಿಗೆ ಹೋದವು.
ಮೇಲಿನ ಹಲಗೆ ನಂಬಿಕೆಗೆ, ನಡುವಿನದು ಪ್ರಾರ್ಥನೆಗೆ,
ಕೈಗೆ ಸುಲಭ ಸಿಗುವ ಕೆಳಗಿನದು ಮನಸ್ಸಿಗೆ:
ಚಿಂತೆ ಬಿಡುವುದು ಹೇಗೆ, ಕೋಪ ನುಂಗದೆ ಉಗುಳದೆ ಇರುವುದು ಹೇಗೆ,
ತೊಂಬತ್ತು ದಿನದಲ್ಲಿ ಬೇರೆ ಮನುಷ್ಯನಾಗುವುದು ಹೇಗೆ.
ಈ ಹಲಗೆಗೇ ಗಿರಾಕಿ ಜಾಸ್ತಿ.

ನಾನೂ ಓದಿದ್ದೇನೆ, ಊಟದ ಹೊತ್ತಿನಲ್ಲಿ, ಕ್ರೇಟಿನ ಮೇಲೆ ಕೂತು.
ಒಬ್ಬರು ಬರೆಯುತ್ತಾರೆ: ಯೋಚನೆಯನ್ನು ಬಾಗಿಲಲ್ಲೇ ತಡೆದು ಕೇಳು,
ಯಾರು ನೀನು, ಯಾರು ಕಳಿಸಿದರು.
ಕೇಳಿದೆ. ನಮ್ಮಪ್ಪನ ದನಿಯಲ್ಲಿ ಉತ್ತರ ಕೊಟ್ಟು
ಒಳಗೆ ಬಂದು ಕೂತಿತು.
ಇನ್ನೊಬ್ಬರು: ಕೊಳೆತದ್ದು ಒಂದು ಸಾಕು, ಬುಟ್ಟಿಯೆಲ್ಲ ಹಾಳು.
ಇವರು ಕೋಲಾರದ ಮಂಡಿ ನೋಡಿಲ್ಲ.
ಗೋಡೆಯಾಚೆ ನಾವು ಸುರಿದ ಕೊಳೆತ ಹಣ್ಣು
ಎರಡು ಮಳೆಗೆ ತಾನೇ ಮೊಳೆತು,
ಯಾರೂ ಕೋಲು ಕೊಡದ ಗಿಡ, ಯಾರೂ ತೂಗದ ಕಾಯಿ.
ಹಂದಿ ತಿನ್ನುತ್ತವೆ. ಒಮ್ಮೊಮ್ಮೆ ಹಮಾಲರ ಹೆಂಡಿರು
ಸಾರಿಗೆ ನಾಲ್ಕು ಕಿತ್ತುಕೊಂಡು ಹೋಗುತ್ತಾರೆ.

ಮಾರ್ಥಮ್ಮ ಟೀಚರ್ ಹೋದದ್ದು ಮಾರ್ಚಿನಲ್ಲಿ.
ಮೊನ್ನೆ ಅವರ ಸೊಸೆ ತಂದುಕೊಟ್ಟಳು
ಕ್ಷಮೆಯ ಬಗ್ಗೆ, ನೀಲಿ ರಟ್ಟಿನ ತೆಳ್ಳನೆ ಪುಸ್ತಕ.
ರಿಜಿಸ್ಟರ್ ತೆಗೆದೆ. ನನ್ನದೇ ಅಕ್ಷರ, ತಿಂಗಳಿಗೊಂದು ಸಾಲು:
ಮಾರ್ಥಮ್ಮ, ಅದೇ ಪುಸ್ತಕ, ಮತ್ತೆ.
ಮಾರ್ಥಮ್ಮ, ಅದೇ, ಮತ್ತೆ.
ಹತ್ತೊಂಬತ್ತು ಸಲ.
ಒಮ್ಮೆ ನಕ್ಕಿದ್ದೆ ಕೂಡ: "ಇನ್ನೂ ಮುಗೀಲಿಲ್ವಾ ಟೀಚರ್?"
"ಒಂದೇ ಪುಟದಲ್ಲಿದ್ದೀನಿ," ಅಂದರು.
ಕಣ್ಣಿಗೆ ಪೊರೆ ಬಂದಿರಬೇಕು ಅಂದುಕೊಂಡೆ.

ಆ ಪುಟ ಇಪ್ಪತ್ತೇಳು.
ನಿಮ್ಮಿಂದ ಕ್ಷಮಿಸಲಾಗದವರ ಹೆಸರು ಇಲ್ಲಿ ಬರೆಯಿರಿ
ಎಂದು ಅಚ್ಚು ಹಾಕಿ ಐದು ಗೆರೆ ಬಿಟ್ಟಿದ್ದಾರೆ.
ನಾಲ್ಕು ಖಾಲಿಯೇ ಇವೆ.
ಮೊದಲನೆಯದರಲ್ಲಿ ಬರೆದು ಅಳಿಸಿ, ಬರೆದು ಅಳಿಸಿ,
ಕಾಗದ ಈರುಳ್ಳಿ ಸಿಪ್ಪೆಯಾಗಿದೆ, ಒಂದು ಕಡೆ ತೂತು.
ಪುಟದ ಬೆನ್ನಲ್ಲಿ ಒಂದು ಪದವೇ ಹೋಗಿದೆ.
ಯಾವ ಪದವೋ. ವಾಕ್ಯ ಅದಿಲ್ಲದೆಯೂ ನಿಂತಿದೆ.

ಅಕ್ಷರಗಳು ಹೋಗಿದ್ದವು. ಗೆರೆಯಿಂದ ಕೆಳಗಿಳಿದ
ಎರಡು ಒತ್ತು ಮಾತ್ರ ರಬ್ಬರಿಗೆ ಸಿಕ್ಕಿರಲಿಲ್ಲ:
ಮೊದಲು ಞ, ಸ್ವಲ್ಪ ದೂರದಲ್ಲಿ ರ.
ಕಿಟಕಿಗೆ ಹಿಡಿದೆ. ಬೆರಳಲ್ಲಿ ತಡವಿದೆ.
ನಮ್ಮ ಸಭೆಯ ನೂರಾ ಆರು ಮನೆಯಲ್ಲಿ
ಈ ಎರಡೂ ಒತ್ತು ಇರುವ ಹೆಸರು ಒಂದೇ.
ಜ್ಞಾನಮಿತ್ರ. ನಮ್ಮಜ್ಜಿ ಇಟ್ಟದ್ದು.

ಸಾವಿರದ ನೂರು ರೂಪಾಯಿ, ಸುಗ್ಗಿ ಹಬ್ಬದ ಕಾಣಿಕೆ.
ಲೆಕ್ಕದಲ್ಲಿ ಕಮ್ಮಿ ಇದೆ ಅಂತ
ತುಂಬಿದ ಸಭೆಯಲ್ಲಿ ಎದ್ದು ನಿಂತವನು ನಾನು,
ಖಜಾಂಚಿ ಎಲಿಷಪ್ಪನ ಮುಖವನ್ನೇ ನೋಡುತ್ತ.
ಅವರ ಗಂಡ. ಆಮೇಲೆ ಆತ ಮೆಟ್ಟಿಲು ಹತ್ತಲಿಲ್ಲ.
ಎಂಟು ತಿಂಗಳಿಗೆ ದುಡ್ಡು ಸಿಕ್ಕಿತು,
ಹಾಡಿನ ಪುಸ್ತಕಗಳ ಪೆಟ್ಟಿಗೆಯ ತಳದಲ್ಲಿ, ಲಕೋಟೆ ಒಡೆಯದೆ.
ಸಿಕ್ಕಿತು ಎಂದು ಲೆಕ್ಕದಲ್ಲಿ ಬರೆದೆ.
ಎದ್ದು ನಿಲ್ಲಲಿಲ್ಲ.
ಮರುವರ್ಷ ಆತನನ್ನು ಅದೇ ಮೆಟ್ಟಿಲಲ್ಲಿ
ನಾಲ್ಕು ಜನ ಹೊತ್ತು ತಂದರು. ಒಬ್ಬ ನಾನು.

ಕೊನೆಯ ಸಲ ಆಕೆ ಬರೆದದ್ದಲ್ಲ, ಅಳಿಸಿದ್ದು.
ಅಷ್ಟು ನನಗೆ ಓದಲು ಬರುತ್ತದೆ.
ಹತ್ತೊಂಬತ್ತು ತಿಂಗಳು ನನ್ನ ಕೈಯಿಂದಲೇ
ನನ್ನ ಹೆಸರನ್ನು ಸಾಲ ಪಡೆದು
ಮನೆಗೆ ಒಯ್ದು, ಉಜ್ಜಿ, ವಾಪಸು ತಂದದ್ದು.

ನರ್ಸಿಂಗ್ ಓದುವ ಹುಡುಗಿ ಬಾಗಿಲಲ್ಲಿ ನಿಂತಿದ್ದಾಳೆ:
"ತಲೆ ಒಂದು ಕಡೆ ನಿಲ್ಲಲ್ಲ ಅಂಕಲ್, ಯಾವುದಾದ್ರೂ ಕೊಡಿ."
ಯಾವುದೋ ಒಂದನ್ನು ಕೊಟ್ಟೆ. ನೀಲಿಯದನ್ನಲ್ಲ.
ಅದನ್ನು ರಿಜಿಸ್ಟರಿನಲ್ಲಿ ನನ್ನ ಹೆಸರಿಗೇ ಬರೆದುಕೊಂಡೆ,
ಎರಡೂ ಒತ್ತು ಬಿಡದೆ.

ಬರುವ ಭಾನುವಾರ ಪ್ರಕಟಣೆ ಓದಿ ಮುಗಿಸಿ
ಅಯ್ಯನವರು ಕನ್ನಡಕ ತೆಗೆದು ಕೇಳುತ್ತಾರೆ,
"ಯಾರಿಗಾದರೂ ಇನ್ನೇನಾದರೂ ಹೇಳಲಿಕ್ಕಿದೆಯೇ?"
ಪ್ರತಿ ವಾರ ಕೇಳುತ್ತಾರೆ.