ಹಸಿ ತಲೆಗಳು

ವಿರಾಜಪೇಟೆ ಪುರಸಭೆಯಲ್ಲಿ ಟೀ ಕೊಡುವವನು ನಾನು.
ಹದಿನೆಂಟು ಲೋಟ, ಅದರಲ್ಲೆರಡು ಸಕ್ಕರೆಯಿಲ್ಲದ್ದು.
ಮೂಲೆಯ ಬೆಂಚಿನಲ್ಲಿ ಡ್ರಾಯಿಂಗ್ ಮಾಸ್ತರ್ ನಾಚಪ್ಪ.
ನಿವೃತ್ತಿಯಾದ ಮೇಲೆ ಅವರಿಗೆ ಇದೊಂದು ಗೀಳು,
ಮೀಟಿಂಗಿಗೆ ಬಂದು ಕೂರುವುದು,
ಕೋಟಿನ ಜೇಬಲ್ಲಿ ಕೈ ಬಿಟ್ಟು ಏನೋ ಹಿಸುಕುವುದು.
ನಶ್ಯದ ಡಬ್ಬಿ ಅಂದುಕೊಂಡಿದ್ದೆ.
ಅದು ಚೌತಿಗೆ ಉಳಿದ ಗಣಪತಿ ಮಣ್ಣು.

ಒಂದು ದಿನ ಲೋಟ ಎತ್ತುವಾಗ ತೋರಿಸಿದರು,
ಹೆಬ್ಬೆರಳಷ್ಟು ತಲೆ. ಕಣ್ಣು ಮುಚ್ಚಿದೆ,
ಬಾಯಿ ಮಾತ್ರ ತೆರೆದೇ ಇದೆ:
ಬಜೆಟ್ ಮೇಲೆ ಮಾತಾಡುತ್ತಿರುವ ಬೆಳ್ಯಪ್ಪನವರು.
ಟ್ರೇ ಮೇಲೆ ಲೋಟಗಳು ಕುಣಿದವು.

"ಫ್ರಾನ್ಸಿನಲ್ಲಿ ಒಬ್ಬನಿದ್ದ," ಎಂದರು,
"ಸಭೆಯಲ್ಲಿ ಕೂತ ದೊಡ್ಡವರ ತಲೆಗಳನ್ನು
ಹೀಗೇ ಹಸಿ ಮಣ್ಣಲ್ಲಿ ಮಾಡಿ ಬಣ್ಣ ಬಳಿದ. ಸುಡಲಿಲ್ಲ.
ಅಲ್ಲಿ ದೊರೆಯ ಮುಖವನ್ನು ಮರಸೇಬಾಗಿ ಬರೆದು
ಜೈಲು ಕಂಡವರೂ ಉಂಟು."
ಪೊಲ್ಲಿಬೆಟ್ಟದ ಯಾವನೋ ಪ್ಲಾಂಟರ್ ಬಿಟ್ಟುಹೋದ ಪುಸ್ತಕ,
ಗೆದ್ದಲು ತಿಂದುಳಿದ ಒಂಬತ್ತು ಪುಟ,
ಅಷ್ಟೇ ನಮ್ಮ ಮಾಸ್ತರಿಗೆ ಗುರು.
ಇಲ್ಲಿ ಮರಸೇಬು ಎಲ್ಲಿಂದ ತರುವುದು?
ಅಧ್ಯಕ್ಷ ಉತ್ತಯ್ಯನವರು ಕಿತ್ತಳೆಯಾದರು,
ಸಿಪ್ಪೆ ಉಬ್ಬಿದ್ದು, ಒತ್ತಿದರೆ ಗಾಳಿ.

ಗಡಿಯಾರ ಕಂಬದ ಎದುರು, ಟೈಲರ್ ಮೊಯ್ದುವಿನ ಗಾಜಿನ ಬೀರು.
ಗುಂಡಿ ಡಬ್ಬಿಗಳ ನಡುವೆ ತಲೆಗಳು ಸಾಲಾಗಿ ಕೂತವು.
ಹೆಸರು ಬರೆದಿರಲಿಲ್ಲ.
ಸಂಜೆಯೊಳಗೆ ಸಂತೆಗೆಲ್ಲ ಗೊತ್ತು.

ಗಲಾಟೆಗೆ ಕಾದೆ. ಆಗಲಿಲ್ಲ.
ಬೆಳ್ಯಪ್ಪ ಬಂದು ಕಿತ್ತಳೆ ನೋಡಿ
ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.
ಪಕ್ಕದ ತಲೆ ತೋರಿಸಿ, "ಇದ್ಯಾರು?
ಗುರುತೇ ಇಲ್ಲವಲ್ಲ," ಎಂದು
ಹಾಗೇ ನಿಂತರು, ಬಾಯಿ ತೆರೆದು.
ಉತ್ತಯ್ಯ ರಾತ್ರಿ ಜೀಪು ಕಳಿಸಿದರು:
"ಬೆಳ್ಯಪ್ಪನ ತಲೆಗೆ ಐನೂರು. ಪೇಪರಲ್ಲಿ ಸುತ್ತಿ ಕೊಡಿ."
ಸಿಟ್ಟಾದವರು ಒಬ್ಬರೇ, ಐದನೇ ವಾರ್ಡಿನ ಚೋಂದಮ್ಮ:
"ಯಾವ ಮೀಟಿಂಗಲ್ಲಿ ನಾನು ಮೇಜು ಗುದ್ದಿಲ್ಲ?
ನನ್ನ ಮೂಗೇನು ಇವರಿಗಿಂತ ಸಣ್ಣದೆ?"
ಮಾಸ್ತರು ಅಂದೇ ಮೂಗಿನಿಂದ ಶುರುಮಾಡಿದರು.

ಕಕ್ಕಡದ ತೇವ ಗಾಜಿನೊಳಗೂ ನುಗ್ಗಿತು.
ಕಿತ್ತಳೆಗೆ ಬೂಷ್ಟು. ಬೆಳ್ಯಪ್ಪನ ದವಡೆ ಕಳಚಿ
ಕಾಜದ ದಾರದ ಉಂಡೆಯ ಮೇಲೆ ಬಿತ್ತು.
"ಸುಡಬಾರದಿತ್ತೆ ಮಾಸ್ತರೇ?"
"ಸುಟ್ಟರೆ ಗಟ್ಟಿಯಾಗ್ತಾರೆ ಮಾರಾಯ.
ಆಮೇಲೆ ಇಳಿಸೋದು ಕಷ್ಟ."

ಪುಡಿ ಗುಡಿಸಲು ಕೈ ಹಾಕಿದೆ.
ಡಬ್ಬಿಗಳ ಹಿಂದೆ ಇನ್ನೂ ಒಂದು ತಲೆ, ಬಿರುಕು ಬಿಟ್ಟಿಲ್ಲ:
ಕಿವಿ ಎರಡೂ ಕೆಸವಿನೆಲೆ, ಬಾಗಿಲ ಕಡೆಗೆ ಚಾಚಿ;
ತುಟಿಯೊಳಗೆ ಅದುಮಿಟ್ಟ ನಗು;
ಕತ್ತು ಮುಂದಕ್ಕೆ ಬಾಗಿದೆ, ಏನೋ ಹೊತ್ತ ಹಾಗೆ.
"ಇದ್ಯಾರು ಮೊಯ್ದು?"
ಸೂಜಿಗೆ ದಾರ ಪೋಣಿಸುತ್ತಿದ್ದವನು
ಒಂದು ಕಣ್ಣು ಮುಚ್ಚಿಕೊಂಡೇ
ನನ್ನ ಕಿವಿ ನೋಡಿದ.

ಗುರುತೇ ಇಲ್ಲವಲ್ಲ, ಎಂದೆ.